ಇಬ್ಬರೂ ನಮ್ಮವರೇ ಆದಾಗ

ಮಧ್ಯಾಹ್ನ ವಿಶಾಖಪಟ್ಟಣ ಬಿಡುವ ರತ್ನಾಚಲ್ ಎಕ್ಸ್‌ಪ್ರೆಸ್ ಸಂಜೆ ಹೊತ್ತಿಗೆ ವಿಜಯವಾಡ ಮುಟ್ಟಿಸುತ್ತದೆ. ಬ್ಯಾಂಕಿನ ಸಭೆ, ತರಬೇತಿ ಅಂತ ತಿಂಗಳಿಗೆ ಒಂದು ಸಲವಾದರೂ ನಾನು ಈ ರೈಲು ಹತ್ತುತ್ತೇನೆ. ಅನಕಾಪಲ್ಲಿ ದಾಟುವಷ್ಟರಲ್ಲಿ ಪಕ್ಕದವರ ಊರು, ಉದ್ಯೋಗ, ಮಕ್ಕಳು ಎಲ್ಲಿದ್ದಾರೆ ಎಂಬುದೆಲ್ಲ ಗೊತ್ತಾಗಿರುತ್ತದೆ. ಮಕ್ಕಳು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಬಹುಮಟ್ಟಿಗೆ ಒಂದೇ ಉತ್ತರ, ಅಮೆರಿಕ.

2024ರ ಜುಲೈ ಕೊನೆಯ ವಾರದಲ್ಲಂತೂ ರೈಲಿನ ತುಂಬ ಅಮೆರಿಕದ ಮಾತೇ. ಜುಲೈ 15ರಂದು ಟ್ರಂಪ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೆ.ಡಿ. ವ್ಯಾನ್ಸ್ ಅವರನ್ನು ಆರಿಸಿದ್ದರು. ವ್ಯಾನ್ಸ್ ಪತ್ನಿ ಉಷಾ ಅವರ ಪೂರ್ವಜರ ಊರು ಪಶ್ಚಿಮ ಗೋದಾವರಿ ಜಿಲ್ಲೆಯ ವಡ್ಲೂರು. ತೆಲುಗು ಚಾನೆಲ್‌ಗಳ ಕ್ಯಾಮೆರಾಗಳೆಲ್ಲ ವಡ್ಲೂರಿನ ದಾರಿ ಹಿಡಿದಿದ್ದವು. ಆರು ದಿನ ಕಳೆದು ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದು ಕಮಲಾ ಹ್ಯಾರಿಸ್ ಅವರಿಗೆ ಬೆಂಬಲ ಸೂಚಿಸಿದರು. ಆಗ ಕ್ಯಾಮೆರಾಗಳು ಅವರ ತಾಯಿಯ ತಂದೆಯ ಊರಾದ ತಮಿಳುನಾಡಿನ ತುಳಸೇಂದ್ರಪುರಕ್ಕೆ ತಿರುಗಿದವು.

ನನ್ನ ಎದುರು ಕೂತಿದ್ದ ಹುಡುಗ ಡಲ್ಲಾಸ್‌ನಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿ, "ಉಷಾ ಮನ ಅಮ್ಮಾಯಿ ಸಾರ್" ಅಂದ. ನಮ್ಮ ಹುಡುಗಿ ಅನ್ನುವ ಹೆಮ್ಮೆ. ಅವನ ಪಕ್ಕದಲ್ಲಿದ್ದ ಚೆನ್ನೈ ಕಡೆಯ ಹೆಂಗಸು ಕಮಲಾ ಪರ. ಇಬ್ಬರಿಗೂ ಅಲ್ಲಿ ಮತವಿಲ್ಲ. ಆದರೂ ಸಾಮರ್ಲಕೋಟ ಬರುವವರೆಗೆ ವಾದ ನಿಲ್ಲಲಿಲ್ಲ. ಕೊನೆಗೆ ಹುಡುಗ ನನ್ನ ಕಡೆ ತಿರುಗಿ, "ಮೀರು ಎವರಿ ವೈಪು ಸಾರ್? ನೀವು ಕನ್ನಡದವರು, ನಿಮ್ಮವರು ಯಾರೂ ನಿಂತಿಲ್ಲವಲ್ಲ" ಅಂದ.

ನಾನು ನಕ್ಕು ಸುಮ್ಮನಾದೆ. ಕಿಟಕಿ ಪಕ್ಕ ಅಷ್ಟು ಹೊತ್ತು ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದರು. ನಿವೃತ್ತ ಮೇಷ್ಟ್ರು, ವಯಸ್ಸು ಎಪ್ಪತ್ತೈದರ ಹತ್ತಿರ. ಮಗಳ ಮನೆಗೆಂದು ವಿಜಯವಾಡಕ್ಕೆ ಹೊರಟಿದ್ದರು. "ಯಾರೋ ಒಬ್ಬರು ನಮ್ಮವರು ಅಂದರೆ ಸುಲಭ ಬಾಬೂ. ನಮ್ಮ ಕಾಲದಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತ ಇಬ್ಬರೂ ನಮ್ಮವರೇ. ಇದ್ದರೂ ಮನವಾಳ್ಳೇ! ಆ ಜಗಳ ಹಚ್ಚಿದ್ದು ಮಾತ್ರ ಇವರ ಬೆಂಗಳೂರು" ಅಂತ ನನ್ನ ಕಡೆ ಬೆರಳು ತೋರಿಸಿದರು.

ಅವರು ಹೇಳುತ್ತಿದ್ದದ್ದು 1969ರ ಮಾತು. ಆಮೇಲಿನ ಮೂರು ಗಂಟೆ ನನಗೆ ಬ್ಯಾಗಿನಲ್ಲಿದ್ದ ಸಭೆಯ ಕಾಗದಗಳನ್ನು ತೆಗೆಯಲು ಮನಸ್ಸಾಗಲಿಲ್ಲ.

ಅವರ ಪ್ರೈಮರಿ, ನಮ್ಮ ಗಾಜಿನ ಮನೆ

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮುಂಚೆ ಇನ್ನೊಂದು ಚುನಾವಣೆ ನಡೆಯುತ್ತದೆ. ಒಂದೊಂದು ಪಕ್ಷವೂ ತನ್ನ ಅಭ್ಯರ್ಥಿ ಯಾರೆಂದು ರಾಜ್ಯ ರಾಜ್ಯದ ಮತದಾರರನ್ನೇ ಕೇಳುತ್ತದೆ. ಅದೇ ಪ್ರೈಮರಿ. ಅದರಲ್ಲಿ ಸೋತವರು ಗೆಲ್ಲುವವರ ಬೆನ್ನಿಗೆ ನಿಲ್ಲುತ್ತಾರೋ ಇಲ್ಲವೋ ಎಂಬುದು ದೊಡ್ಡ ಸುದ್ದಿ. 2024ರ ಜನವರಿ 15ರಂದು ಅಯೋವಾದಲ್ಲಿ ಸೋತ ವಿವೇಕ್ ರಾಮಸ್ವಾಮಿ ಅದೇ ರಾತ್ರಿ ಕಣ ಬಿಟ್ಟು ಟ್ರಂಪ್‌ಗೆ ಬೆಂಬಲ ಘೋಷಿಸಿದರು. ನಿಕ್ಕಿ ಹ್ಯಾಲಿ ಹಾಗೆ ಮಾಡಲಿಲ್ಲ. ಗೆದ್ದವರು ಯಾರೇ ಆದರೂ ಬೆಂಬಲಿಸುತ್ತೇನೆ ಎಂದು ಚರ್ಚೆಗಳಿಗೆ ಮೊದಲು ಪಕ್ಷಕ್ಕೆ ಬರೆದುಕೊಟ್ಟಿದ್ದ ಅವರು, ಆ ಮಾತಿಗೆ ತಾವಿನ್ನು ಬದ್ಧರಲ್ಲ ಎಂದು ಮಾರ್ಚ್‌ನಲ್ಲಿ ಹೇಳಿದರು. ಮಾರ್ಚ್ 6ರಂದು ಹಿಂದೆ ಸರಿದಾಗಲೂ ಟ್ರಂಪ್ ಹೆಸರಿಗೆ ಬೆಂಬಲ ಕೊಡಲಿಲ್ಲ. ಮೇ ತಿಂಗಳಲ್ಲಿ, ಮತ ಅವರಿಗೇ ಹಾಕುತ್ತೇನೆ ಅಂದರು. ಜುಲೈಯಲ್ಲಿ ಪಕ್ಷದ ಸಮಾವೇಶದ ವೇದಿಕೆ ಹತ್ತಿ ಪೂರ್ಣ ಬೆಂಬಲ ಸಾರಿದರು. ಬರೆದುಕೊಟ್ಟ ಮಾತಿಗೂ ಮನಸ್ಸಿನ ಮಾತಿಗೂ ನಡುವೆ ಒಬ್ಬರು ಐದು ತಿಂಗಳಲ್ಲಿ ಓಡಾಡಿದ ದಾರಿ ಇದು.

ಡೆಮಾಕ್ರಟಿಕ್ ಪಕ್ಷದಲ್ಲಿ ಕತೆ ಬೇರೆ. ಪ್ರೈಮರಿಗಳಲ್ಲಿ ಬೈಡನ್ ಪರ ಆರಿಸಿಬಂದಿದ್ದ ಸಾವಿರಾರು ಪ್ರತಿನಿಧಿಗಳು ಅವರು ಹಿಂದೆ ಸರಿದ ಎರಡು ದಿನಗಳೊಳಗೆ ಹ್ಯಾರಿಸ್ ಕಡೆ ವಾಲಿದರು. ಜನ ಮತ ಹಾಕಿದ್ದು ಒಬ್ಬರಿಗೆ, ಪ್ರತಿನಿಧಿಗಳು ನಿಂತದ್ದು ಇನ್ನೊಬ್ಬರಿಗೆ. ಇದು ಸರಿಯೇ ಅಂತ ಅಲ್ಲೂ ಹಲವರು ಕೇಳಿದರು. ಆ ಪಕ್ಷದ ನಿಯಮಾವಳಿಯಲ್ಲಿ ಇದಕ್ಕೊಂದು ಸಾಲಿದೆ. ತಮ್ಮನ್ನು ಆರಿಸಿದವರ ಭಾವನೆಯನ್ನು ಪ್ರತಿನಿಧಿಗಳು ಆತ್ಮಸಾಕ್ಷಿಗೆ ಒಪ್ಪುವಂತೆ ಪ್ರತಿಫಲಿಸಬೇಕು ಎಂಬುದು ಅದರ ಸಾರ.

ಆತ್ಮಸಾಕ್ಷಿ. ಈ ಶಬ್ದ ಕೇಳಿದ ಕೂಡಲೇ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು 1969. ನಮ್ಮಲ್ಲಿ ಪ್ರೈಮರಿ ಇಲ್ಲ. ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು. ಅಭ್ಯರ್ಥಿ ಯಾರೆಂದು ತೀರ್ಮಾನಿಸುವವರು ಪಕ್ಷದ ನಾಲ್ಕೈದು ದೊಡ್ಡವರು. ಆದರೆ ಆ ವರ್ಷ ಮುಚ್ಚಿದ ಬಾಗಿಲಿನ ತೀರ್ಮಾನ ಬೀದಿಗೆ ಬಂತು. ಬಂದದ್ದು ಬೆಂಗಳೂರಿನಲ್ಲಿ, ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ನಡೆಯುತ್ತಿದ್ದ ಜುಲೈ ತಿಂಗಳಲ್ಲಿ.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು, ಪ್ರಧಾನಿ ಇಂದಿರಾ ಗಾಂಧಿ. ಇಬ್ಬರಿಗೂ ಆಗಲೇ ಹೊಂದುತ್ತಿರಲಿಲ್ಲ. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ಬೆಂಗಳೂರಿನಲ್ಲಿ ಕೂತು ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಇಂದಿರಾ ಸೂಚಿಸಿದ್ದ ಜಗಜೀವನ್ ರಾಂ ಹೆಸರು ಬಿದ್ದುಹೋಯಿತು. ಮರುದಿನವೇ ಗಿರಿ ತಾವು ಸ್ವತಂತ್ರವಾಗಿ ನಿಲ್ಲುವುದಾಗಿ ಹೇಳಿದರು.

ಯಾರ ಮನೆಯವರು ಯಾರು

ಮೇಷ್ಟ್ರ ಮನೆಯೊಳಗೇ ಎರಡು ಪಕ್ಷ. ತಾತ ವಾಲ್ಟೇರಿನಲ್ಲಿ ಬಂಗಾಳ–ನಾಗಪುರ ರೈಲ್ವೆಯ ಫಿಟ್ಟರ್ ಆಗಿದ್ದವರು. ಬಿಎನ್‌ಆರ್ ಅಂದರೆ ಗಿರಿ, ಗಿರಿ ಅಂದರೆ ಬಿಎನ್‌ಆರ್. 1920ರ ದಶಕದ ಕೊನೆಯಲ್ಲಿ ಆ ರೈಲ್ವೆಯ ಕಾರ್ಮಿಕರ ಮುಷ್ಕರವನ್ನು ಮುನ್ನಡೆಸಿದವರು ಅವರೇ. ಹುಟ್ಟಿದ್ದು ಬರಂಪುರದ ತೆಲುಗು ಕುಟುಂಬದಲ್ಲಿ. 1937ರಲ್ಲಿ, ಆಗಿನ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದ ಬೊಬ್ಬಿಲಿಯಲ್ಲಿ, ಬೊಬ್ಬಿಲಿ ರಾಜರನ್ನೇ ಚುನಾವಣೆಯಲ್ಲಿ ಸೋಲಿಸಿದವರು. ಉತ್ತರಾಂಧ್ರದ ಮನೆಗಳಲ್ಲಿ ಆ ಗೆಲುವಿನ ಕತೆ ಬಹಳ ಕಾಲ ನಡೆಯಿತು.

ಮೇಷ್ಟ್ರ ತಾಯಿಯ ತವರು ಅನಂತಪುರ. ಸಂಜೀವ ರೆಡ್ಡಿ ಅದೇ ಜಿಲ್ಲೆಯ ಇಲ್ಲೂರಿನವರು, ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. ಸೋದರಮಾವ ಊರಿನಿಂದ ಬಂದರೆ ರೆಡ್ಡಿ ಪುರಾಣ, ತಾತ ಬಾಯಿ ಬಿಟ್ಟರೆ ಗಿರಿ ಪುರಾಣ. "ಅಮ್ಮ ಇಬ್ಬರಿಗೂ ಕಾಫಿ ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು" ಅಂದರು ಮೇಷ್ಟ್ರು.

ನನ್ನ ಮನೆಯ ಕತೆಯನ್ನೂ ಆಗ ಹೇಳಬೇಕಾಯಿತು. ನಮ್ಮದು ಚಿತ್ರದುರ್ಗದ ಕಡೆ. ನಮ್ಮ ತಾತನಿಗೆ ನಿಜಲಿಂಗಪ್ಪ ಅಂದರೆ ಬರೀ 'ಎಸ್ಸೆನ್'. ಅವರ ವಿರುದ್ಧ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯಕ್ಕೆ ನಿಜಲಿಂಗಪ್ಪ, ಹೊಸ ಆಂಧ್ರಪ್ರದೇಶಕ್ಕೆ ಸಂಜೀವ ರೆಡ್ಡಿ ಒಂದೇ ದಿನ ಮುಖ್ಯಮಂತ್ರಿಗಳಾದವರು. ರೆಡ್ಡಿಯವರ ಅನಂತಪುರವೇನು ನಮಗೆ ಪರಸ್ಥಳವೇ? ಮಡಕಶಿರಾ, ರಾಯದುರ್ಗದ ಕಡೆ ಇವತ್ತಿಗೂ ಕನ್ನಡ ಮನೆಮಾತಿನ ಕುಟುಂಬಗಳಿವೆ. ಇನ್ನು ಗಿರಿಯವರೂ ನಮಗೆ ಹೊರಗಿನವರಲ್ಲ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿನ ರಾಜಭವನದಲ್ಲಿದ್ದರು. ಆಗ ಮುಖ್ಯಮಂತ್ರಿ ಇದೇ ನಿಜಲಿಂಗಪ್ಪ.

"ನೀವು ಯಾವ ಬ್ಯಾಂಕು?" ಅಂತ ಮೇಷ್ಟ್ರು ಕೇಳಿದರು. ಈಗ ಕೆನರಾ, ಸೇರಿದ್ದು ಸಿಂಡಿಕೇಟ್ ಬ್ಯಾಂಕಿಗೆ ಅಂದೆ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಆಗಿನ ಕಾಲಕ್ಕೆ 'ಸಿಂಡಿಕೇಟ್' ಅಂದರೆ ಕಾಮರಾಜ್, ನಿಜಲಿಂಗಪ್ಪ, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ಸಂಜೀವ ರೆಡ್ಡಿ ಇವರ ಕೂಟಕ್ಕೆ ಪತ್ರಿಕೆಗಳು ಇಟ್ಟ ಹೆಸರು. "ಹಾಗಾದರೆ ನೀವು ಎರಡು ಕಡೆಯಿಂದಲೂ ಸಿಂಡಿಕೇಟ್!"

ನಗೆಯ ಹಿಂದೆ ಒಂದು ನಿಜ ಇತ್ತು. ಜುಲೈ 16ರಂದು ಇಂದಿರಾ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಕೆನರಾ, ಸಿಂಡಿಕೇಟ್ ಎರಡೂ ಆ ಪಟ್ಟಿಯಲ್ಲಿದ್ದವು. ಅದಕ್ಕೆ ಸಹಿ ಹಾಕಿದ್ದು ಹಂಗಾಮಿ ರಾಷ್ಟ್ರಪತಿ ಗಿರಿ. ಸಹಿ ಹಾಕಿದ ಮರುದಿನ, 20ರಂದು, ಚುನಾವಣೆಗೆ ನಿಲ್ಲಲು ಅವರು ರಾಜೀನಾಮೆ ಕೊಟ್ಟರು. ದಿಲ್ಲಿಯಲ್ಲಿ ಇಂದಿರಾ ಮನೆಯ ಮುಂದೆ ಬ್ಯಾಂಕ್ ನೌಕರರು, ಟ್ಯಾಕ್ಸಿ ಚಾಲಕರು, ರಿಕ್ಷಾದವರು ದಿನವೂ ನೆರೆಯತೊಡಗಿದರು. ನಾನು ಮೂವತ್ತು ವರ್ಷ ಸಂಬಳ ಎಣಿಸಿದ ಬ್ಯಾಂಕು, ನಮ್ಮ ತಾತನ ಎಸ್ಸೆನ್ ಸೋತ ಹೋರಾಟದಲ್ಲಿ ಎದುರು ಪಾಳಯದ ದೊಡ್ಡ ಅಸ್ತ್ರವಾಗಿತ್ತು. ನನ್ನ ಬ್ಯಾಂಕ್ ನೌಕರಿಯ ಆರ್ಡರ್ ಬಂದ ದಿನ ತಾತ ಕಾಗದವನ್ನು ಎರಡು ಸಲ ಓದಿ, ಏನೂ ಹೇಳದೆ ದೇವರ ಮುಂದೆ ಇಟ್ಟಿದ್ದರು. ಅವರ ಮೌನ ನನಗೆ ಆಗ ಅರ್ಥವಾಗಿರಲಿಲ್ಲ.

ಸಹಿ ಹಾಕಿದ ಮೇಲೆ

1969ರ ಪ್ರಚಾರದ ವಿಚಿತ್ರ ಏನೆಂದರೆ, ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದು ಸ್ವತಃ ಇಂದಿರಾ ಗಾಂಧಿ. ಪಕ್ಷದ ಅಧಿಕೃತ ಅಭ್ಯರ್ಥಿ, ಪ್ರಧಾನಿಯ ಸಹಿ, ಅಧ್ಯಕ್ಷರ ಬೆಂಬಲ ಎಲ್ಲ ಇತ್ತು. ಅಷ್ಟರಲ್ಲಿ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾಗಿ, ನಿಮ್ಮ ಎರಡನೇ ಪ್ರಾಶಸ್ತ್ಯದ ಮತಗಳನ್ನಾದರೂ ರೆಡ್ಡಿಯವರಿಗೆ ಕೊಡಿಸಿ ಅಂತ ಕೇಳಿಕೊಂಡರು. ಆ ಪಕ್ಷಗಳ ಮೊದಲ ಆಯ್ಕೆ ಸಿ.ಡಿ. ದೇಶಮುಖ್. ಚುನಾವಣೆ ಅಂದಮೇಲೆ ಮತ ಕೇಳುವುದರಲ್ಲಿ ತಪ್ಪೇನು ಎಂಬುದು ಅಧ್ಯಕ್ಷರ ವಾದ. ವಿರೋಧಿಗಳ ಜೊತೆ ಸೇರಿ ನನ್ನ ಸರ್ಕಾರ ಉರುಳಿಸುವ ಹುನ್ನಾರ ಎಂಬುದು ಪ್ರಧಾನಿಯ ವಾದ. ಜಗಜೀವನ್ ರಾಂ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಅಧ್ಯಕ್ಷರಿಗೆ ಪತ್ರ ಬರೆದು ವಿವರಣೆ ಕೇಳಿದರು.

ಇನ್ನೊಂದು ಕಡೆ ಎರಡೂ ಕಮ್ಯುನಿಸ್ಟ್ ಪಕ್ಷಗಳು, ಡಿಎಂಕೆ, ಅಕಾಲಿ ದಳ ಗಿರಿ ಪರ ನಿಂತವು. ಕಮ್ಯುನಿಸ್ಟರಿಗೆ ಗಟ್ಟಿ ನೆಲೆಯಿದ್ದ ವಿಜಯವಾಡದಲ್ಲಿ ಆಗ ಮೇಷ್ಟ್ರು ಕಾಲೇಜು ವಿದ್ಯಾರ್ಥಿ. ಹಾಸ್ಟೆಲ್ಲಿನ ಹುಡುಗರಲ್ಲೂ ಎರಡು ಗುಂಪು. ಅದೇ ಹೊತ್ತಿಗೆ ಪ್ರತ್ಯೇಕ ತೆಲಂಗಾಣ ಚಳವಳಿಯಿಂದ ರಾಜ್ಯವೇ ಹೊತ್ತಿ ಉರಿಯುತ್ತಿತ್ತು. 'ತೆಲುಗಿನವರಿಗೆ ಮತ' ಎಂದು ಕೂಗೋಣ ಅಂದರೆ ಇಬ್ಬರೂ ತೆಲುಗಿನವರು, ಅದಕ್ಕೆ ಅರ್ಥವೇ ಇಲ್ಲ. "ಆ ಒಂದು ಸಲ ನಾವು ಬೇರೆ ಕಾರಣ ಹುಡುಕಬೇಕಾಯಿತು ಬಾಬೂ. ಬ್ಯಾಂಕು ಯಾರದಾಗಬೇಕು, ಪಕ್ಷದ ಮಾತು ದೊಡ್ಡದೋ ಮನಸ್ಸಿನ ಮಾತು ದೊಡ್ಡದೋ, ಇಂಥವು. ಅದಕ್ಕೇ ಆ ಜಗಳ ಅಷ್ಟು ಚೆನ್ನಾಗಿತ್ತು" ಅಂದರು.

ಮತದಾನ ಆಗಸ್ಟ್ 16ಕ್ಕೆ. ಕೆಲವೇ ದಿನ ಮೊದಲು ಇಂದಿರಾ ಬಾಯಿಬಿಟ್ಟು ಹೇಳಿದರು, ಆತ್ಮಸಾಕ್ಷಿಯಂತೆ ಮತ ಹಾಕಿ ಅಂತ. ಆಗ ಮೇಷ್ಟ್ರ ತಾಯಿ ಅಡುಗೆಮನೆಯಿಂದ ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದರಂತೆ: "ಸಹಿ ಹಾಕಿದ ಮೇಲೆ ಒಲ್ಲೆ ಅನ್ನಬಹುದಾ?"

ತಾತ, ಸೋದರಮಾವ ಇಬ್ಬರೂ ಉತ್ತರ ಕೊಡಲಿಲ್ಲವಂತೆ.

ಆಗಸ್ಟ್ 20ರಂದು ಎಣಿಕೆ. ಕಣದಲ್ಲಿದ್ದವರು 15 ಮಂದಿ. ಗೆಲ್ಲಲು ಬೇಕಿದ್ದ ಮತಮೌಲ್ಯ 4,18,169. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769. ಯಾರೂ ಗುರಿ ಮುಟ್ಟಲಿಲ್ಲ. ಉಳಿದವರ ಎರಡನೇ ಪ್ರಾಶಸ್ತ್ಯದ ಮತಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಾಗ ಗಿರಿ 4,20,077, ರೆಡ್ಡಿ 4,05,427. ಭಾರತದ ರಾಷ್ಟ್ರಪತಿ ಚುನಾವಣೆ ಎರಡನೇ ಪ್ರಾಶಸ್ತ್ಯದವರೆಗೆ ಹೋದದ್ದು ಅದೊಂದೇ ಸಲ. ನಿಜಲಿಂಗಪ್ಪ ಹೋಗಿ ಕೇಳಿದ್ದ ಎರಡನೇ ಪ್ರಾಶಸ್ತ್ಯ ಹೆಚ್ಚಿನಂಶ ರೆಡ್ಡಿಯವರಿಗೆ ಬಂದೇ ಬಂತು. ಆದರೆ ಸ್ವಂತ ಪಕ್ಷದೊಳಗೆ ಕಳೆದುಕೊಂಡ ಮೊದಲ ಪ್ರಾಶಸ್ತ್ಯವನ್ನು ಅದು ತುಂಬಿಕೊಡಲಿಲ್ಲ.

ಮುಂದಿನದು ಗೊತ್ತಿರುವ ಇತಿಹಾಸ. ಚುನಾವಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಗಿರಿ ತಾವೇ ಬಂದು ಸಾಕ್ಷಿ ಹೇಳಿದರು. ಅರ್ಜಿ ವಜಾ ಆಯಿತು. 1969ರ ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಪಕ್ಷ ಇಂದಿರಾ ಅವರನ್ನು ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯಿತು. ನಮ್ಮಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ಉಳಿದರು, ದೇವರಾಜ ಅರಸು ಇಂದಿರಾ ಕಡೆ ಹೋದರು. ಆಮೇಲಿನ ಹತ್ತು ವರ್ಷದ ಕರ್ನಾಟಕದ ರಾಜಕೀಯ ಆ ಕವಲಿನಿಂದ ಹೊರಟದ್ದು.

"ನಿಮ್ಮ ತಾಯಿ ಇಂದಿರಾ ಅವರನ್ನು ಕ್ಷಮಿಸಿದರಾ?" ಅಂತ ಕೇಳಿದೆ. "ಇಲ್ಲ. ಆದರೆ 1971ರಲ್ಲಿ ಹಸು–ಕರುವಿಗೇ ಮತ ಹಾಕಿದಳು. ಸಹಿ ತಪ್ಪು, ಬ್ಯಾಂಕು ಸರಿ ಅಂದಳು" ಅಂತ ಮೇಷ್ಟ್ರು ಕಿಟಕಿಯಾಚೆ ನೋಡಿದರು. ಗೋದಾವರಿ ಸೇತುವೆ ಬಂದಿತ್ತು. ಹುಡುಗ ಜೇಬಿನಿಂದ ನಾಣ್ಯ ತೆಗೆದು ನದಿಗೆ ಎಸೆದು ಕೈಮುಗಿದ. ಯಾರ ಹೆಸರಿನಲ್ಲಿ ಬೇಡಿಕೊಂಡನೋ.

ಎಲ್ಲರೂ ಒಂದೇ ಕಡೆ ನಿಂತಾಗ

ಸಂಜೀವ ರೆಡ್ಡಿಯವರ ಸರದಿಯೂ ಬಂತು. 1977ರಲ್ಲಿ ಆಂಧ್ರದ 42 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ 41 ಗೆದ್ದಾಗ ಉಳಿದ ಒಂದು, ನಂದ್ಯಾಲ, ಅವರದು. ಅದೇ ವರ್ಷ ರಾಷ್ಟ್ರಪತಿ ಸ್ಥಾನಕ್ಕೆ 37 ನಾಮಪತ್ರ ಬಂದವು. 36 ತಿರಸ್ಕೃತವಾಗಿ ಅವರು ಅವಿರೋಧವಾಗಿ ಆಯ್ಕೆಯಾದರು. ಅವರಿಗೆ ಸ್ಥಾನ ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿ ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿ. ರೆಡ್ಡಿಯವರು 1996ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲೇ, ಅವರ ಸಮಾಧಿ ಇರುವುದೂ ಅಲ್ಲಿನ ಕಲ್ಪಳ್ಳಿಯಲ್ಲಿ. ಅವರ ಹೆಸರನ್ನು ಪಕ್ಷ ಆರಿಸಿದ ಊರೇ ಅವರನ್ನು ಕೊನೆಗೆ ಇಟ್ಟುಕೊಂಡಿತು.

ಏಲೂರು ದಾಟಿದ ಮೇಲೆ ಮಾತು 2022ಕ್ಕೆ ಬಂತು. ಆ ವರ್ಷದ ಜುಲೈ 12ರಂದು ದ್ರೌಪದಿ ಮುರ್ಮು ಬೆಂಬಲ ಕೇಳಲು ವಿಜಯವಾಡಕ್ಕೆ ಬಂದಿದ್ದರು. ಒಬ್ಬರ ಮುಖ ಒಬ್ಬರು ನೋಡದ ವೈಎಸ್‌ಆರ್ ಕಾಂಗ್ರೆಸ್ ಮತ್ತು ತೆಲುಗು ದೇಶಂ ಎರಡೂ ಅವರನ್ನೇ ಬೆಂಬಲಿಸಿದವು. ಎಣಿಕೆಯಾದಾಗ ಆಂಧ್ರದ ಶಾಸಕರ ಒಂದು ಮತವೂ ಯಶವಂತ ಸಿನ್ಹಾ ಅವರಿಗೆ ಬಿದ್ದಿರಲಿಲ್ಲ. ಕರ್ನಾಟಕದಲ್ಲೂ ಬಿಜೆಪಿ ಜೊತೆಗೆ ಜೆಡಿಎಸ್ ಮುರ್ಮು ಪರ ನಿಂತಿತ್ತು. ಆದಿವಾಸಿ ಹೆಣ್ಣುಮಗಳೊಬ್ಬರು ರಾಷ್ಟ್ರಪತಿಯಾದದ್ದು ದೊಡ್ಡ ಸಂಗತಿಯೇ. ಅದರ ಬಗ್ಗೆ ಮೇಷ್ಟ್ರಿಗೂ ತಕರಾರಿಲ್ಲ. "ಆದರೆ ಆ ಸಲ ನಮ್ಮ ಮನೆಯಲ್ಲಿ ಯಾರೂ ವಾದ ಮಾಡಲಿಲ್ಲ. ಟಿವಿ ನೋಡಿ ಚಾನೆಲ್ ಬದಲಿಸಿದೆವು. ಆರಿಸುವ ಕಷ್ಟವೇ ಇರಲಿಲ್ಲವಲ್ಲ."

ಆ ಕಷ್ಟ ಎಂಥದೆಂದು ಆ ವಾರ ನನಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರ ತಾಯಿಯ ಪ್ರಶ್ನೆ ಕೇಳಿದಾಗಿನಿಂದ ಮನಸ್ಸು ಅಲ್ಲೇ ಕೂತಿತ್ತು. ಅದನ್ನೂ ಹೇಳಿಬಿಡುತ್ತೇನೆ.

ನನ್ನದೊಂದು ಸಹಿ

ವಿಶಾಖಪಟ್ಟಣದ ಮಧುರವಾಡದಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಎಂಬತ್ತು ಚಿಲ್ಲರೆ ಮನೆಗಳು. ಕನ್ನಡದವರು ಆರೇ ಮನೆ. ಆ ತಿಂಗಳು ಸಂಘದ ಅಧ್ಯಕ್ಷರ ಚುನಾವಣೆ. ದಾವಣಗೆರೆಯವರೊಬ್ಬರು ನಿಂತಿದ್ದರು. ಪರವಾಡದ ಔಷಧ ಕಂಪನಿಯಲ್ಲಿ ಕೆಲಸ, ನನಗಿಂತ ಹತ್ತು ವರ್ಷ ಚಿಕ್ಕವರು. ಭಾನುವಾರ ಅವರ ಮನೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಿರುವಾಗ, "ಅಣ್ಣಾ, ಸೂಚಕರಾಗಿ ನಿಮ್ಮದೊಂದು ಸಹಿ" ಅಂದರು. ಕೈ ಒರೆಸಿಕೊಂಡು ಹಾಕಿದೆ. ಪರಊರಿನಲ್ಲಿ ನಮ್ಮವರು ಒಬ್ಬರು ಅಧ್ಯಕ್ಷರಾದರೆ ಯಾರಿಗೆ ಬೇಡ?

ಎರಡು ದಿನ ಕಳೆದು ಅವರ ಯೋಜನೆಗಳ ಪಟ್ಟಿ ವಾಟ್ಸಾಪ್ ಗುಂಪಿಗೆ ಬಂತು. ಮೂರನೆಯ ಅಂಶ, ವಾಚ್‌ಮನ್ ಕುಟುಂಬವನ್ನು ಬಿಡಿಸಿ ಸೆಕ್ಯುರಿಟಿ ಏಜೆನ್ಸಿ ತರುವುದು, ಅವರು ಇರುವ ಕೋಣೆ ಒಡೆದು ನಾಲ್ಕು ಕಾರುಗಳಿಗೆ ಜಾಗ ಮಾಡುವುದು. ಶ್ರೀಕಾಕುಳಂ ಕಡೆಯ ಆ ಕುಟುಂಬದ ಇಬ್ಬರು ಮಕ್ಕಳು ಹತ್ತಿರದ ಶಾಲೆಗೆ ಹೋಗುತ್ತಾರೆ. ದೊಡ್ಡವಳು ಹತ್ತನೇ ತರಗತಿ. ಎದುರಾಳಿ ಒಬ್ಬ ನಿವೃತ್ತ ನರ್ಸ್, ತೆಲುಗಿನವರು. ಮೂರು ಬೇಸಿಗೆ ನೀರಿನ ಟ್ಯಾಂಕರ್ ಲೆಕ್ಕವನ್ನು ಒಂದು ರೂಪಾಯಿ ತಪ್ಪದಂತೆ ಇಟ್ಟವರು. ಕೋಣೆ ಒಡೆಯಬಾರದು ಅನ್ನುವವರು.

ಗುಪ್ತ ಮತದಾನ. ಸಹಿ ಅವರಿಗೆ, ಮತ ಇವರಿಗೆ ಅಂತ ಸುಮ್ಮನೆ ಇದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಮಾಡಬೇಕೆಂದುಕೊಂಡಿದ್ದೂ ಅದನ್ನೇ. ರಾಷ್ಟ್ರಪತಿ ಚುನಾವಣೆಯಲ್ಲೂ ಮತ ಗುಪ್ತ, ಪಕ್ಷಗಳು ವಿಪ್ ಕೊಡುವಂತಿಲ್ಲ. 1969ರಲ್ಲಿ ಎಷ್ಟು ಜನ ಬಾಯಲ್ಲಿ ಒಬ್ಬರ ಹೆಸರು, ಬ್ಯಾಲೆಟ್ಟಿನಲ್ಲಿ ಇನ್ನೊಬ್ಬರ ಹೆಸರು ಇಟ್ಟುಕೊಂಡಿದ್ದರೋ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿ ಕೇಳಿದೆ, "ನಿಮ್ಮ ತಾಯಿಯ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತಾ ಮಾಸ್ಟಾರೂ?"

ಸ್ವಲ್ಪ ಹೊತ್ತು ಯೋಚಿಸಿದರು. "ಇಂದಿರಮ್ಮ ಕೊನೆಗಾದರೂ ಹೊರಗೆ ಹೇಳಿದಳು. ಹೇಳಬೇಕಾದವರಿಗೆ ಮೊದಲೇ ಹೇಳಿದ್ದರೆ ಅಮ್ಮ ಆ ಪ್ರಶ್ನೆ ಕೇಳುತ್ತಿರಲಿಲ್ಲ."

ವಿಜಯವಾಡ ಬಂತು. ಮೇಷ್ಟ್ರ ಚೀಲ ಇಳಿಸಿಕೊಟ್ಟೆ. ಮಗಳು ಬಂದಿದ್ದರು, ಜನರ ನಡುವೆ ಕರಗಿಹೋದರು. ನಾನು ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ದಾವಣಗೆರೆಯವರಿಗೆ ಫೋನ್ ಮಾಡಿದೆ. "ನೋಡಿ, ಸಹಿ ಹಾಕಿದ್ದು ನಾನೇ. ಪಟ್ಟಿ ನೋಡದೆ ಹಾಕಿದ್ದು ನನ್ನ ತಪ್ಪು. ನಾಮಪತ್ರ ಹಾಗೇ ಇರಲಿ, ಆದರೆ ಮತ ನಿಮಗೆ ಹಾಕುವುದಿಲ್ಲ. ಕೋಣೆಯ ವಿಷಯ ಬಿಟ್ಟರೆ ಮತ್ತೆ ಯೋಚಿಸುತ್ತೇನೆ" ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. "ಅಣ್ಣಾ, ಇರೋದೇ ಆರು ಮನೆ. ನೀವೇ ಹಿಂಗಂದ್ರೆ ಹೆಂಗೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವರು ಐದು ಮತಗಳಿಂದ ಗೆದ್ದರು.

ಹೊಸ ಸಮಿತಿಯ ಮೊದಲ ಸಭೆಯಲ್ಲಿ ಕೋಣೆಯ ವಿಷಯ ಬಂತು. ನನ್ನ ನಿಲುವು ಅವರಿಗೆ ಮೊದಲೇ ಗೊತ್ತಿದ್ದರಿಂದ ನಾನು ಎದ್ದು ಮಾತಾಡಿದಾಗ ಯಾರಿಗೂ ಆಶ್ಚರ್ಯ ಆಗಲಿಲ್ಲ. ಆ ನರ್ಸಮ್ಮ ಜೊತೆಗೂಡಿದರು. ಹುಡುಗಿಯ ಹತ್ತನೇ ತರಗತಿ ಪರೀಕ್ಷೆ ಮುಗಿಯುವವರೆಗೆ ಕೋಣೆ ಮುಟ್ಟುವುದಿಲ್ಲ ಎಂದು ತೀರ್ಮಾನವಾಯಿತು. ನಿರ್ಣಯ ಬರೆಸಿದ್ದು ದಾವಣಗೆರೆಯವರೇ. ಪರೀಕ್ಷೆ ಮುಗಿದ ಮೇಲೆ ಕೋಣೆ ಒಡೆದರು. ಆ ಕುಟುಂಬ ಈಗ ಎರಡು ಬೀದಿ ಆಚೆ ಇನ್ನೊಂದು ಅಪಾರ್ಟ್‌ಮೆಂಟಿನಲ್ಲಿದೆ. ಹುಡುಗಿ ಇಂಟರ್‌ಮೀಡಿಯೆಟ್ ಸೇರಿದ್ದಾಳೆ.

ಹೊರನಾಡಿನಲ್ಲಿರುವ ನಮಗೆ 'ನಮ್ಮವರು' ಅನ್ನುವ ಮಾತಿನ ಬೆಲೆ ಊರಲ್ಲಿರುವವರಿಗಿಂತ ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡಬೇಕಾದಾಗ ಬಾಗಿಲು ತಟ್ಟಿದ್ದು ದಾವಣಗೆರೆಯವರದ್ದೇ. ಅದನ್ನು ನಾನು ಮರೆತಿಲ್ಲ, ಮರೆಯಲೂಬಾರದು. ಆದರೆ ಬಾಗಿಲು ತೆರೆದದ್ದಕ್ಕೆ ಋಣ ತೀರಿಸುವ ಜಾಗ ಮತಪತ್ರ ಅಲ್ಲ ಅನ್ನಿಸುತ್ತದೆ. ವಡ್ಲೂರಿನವರು ಉಷಾಗೆ, ತುಳಸೇಂದ್ರಪುರದವರು ಕಮಲಾಗೆ ಪೂಜೆ ಮಾಡಿಸಬಹುದು. ಅವರಿಗೆ ಅಲ್ಲಿ ಮತ ಇಲ್ಲ, ಸಂತೋಷ ಮಾತ್ರ ಇದೆ. ಮತ ಇರುವವರ ಕತೆ ಹಾಗಲ್ಲ. ಅವರ ಆಯ್ಕೆಯಿಂದ ಯಾರದೋ ಕೋಣೆ ಉಳಿಯುತ್ತದೆ, ಯಾರದೋ ಹೋಗುತ್ತದೆ.

ನಮ್ಮ ತಾತ ಬದುಕಿದ್ದರೆ ಅವರ ಎಸ್ಸೆನ್ ಪರ ಇನ್ನೂ ವಾದ ಮಾಡುತ್ತಿದ್ದರು. ಪಕ್ಷಕ್ಕೆ ಕೊಟ್ಟ ಮಾತು ಮಾತೇ ಅನ್ನುತ್ತಿದ್ದರು. ನಾನು ಬ್ಯಾಂಕಿನ ಹೆಸರು ಎತ್ತುತ್ತಿದ್ದೆ. ಈಗಲಾದರೆ ಆ ಕಾಗದವನ್ನು ದೇವರ ಮುಂದೆ ಇಟ್ಟ ದಿನ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಕೇಳುತ್ತಿದ್ದೆ.

ದಾವಣಗೆರೆಯವರು ಲಿಫ್ಟಿನಲ್ಲಿ ಸಿಕ್ಕರೆ ನಮಸ್ಕಾರ ಇದೆ, ಊರಿನ ಮಳೆ–ಬೆಳೆ ವಿಚಾರವೂ ಇದೆ. ಬೆಣ್ಣೆ ದೋಸೆಗೆ ಕರೆಯುವುದು ಮಾತ್ರ ನಿಂತಿದೆ. ಕಳೆದ ಯುಗಾದಿಗೆ ನಮ್ಮ ಮನೆಯವಳು ಹೋಳಿಗೆ ಕೊಟ್ಟು ಬಂದಳು. ಡಬ್ಬಿ ಎರಡು ದಿನ ಬಿಟ್ಟು ವಾಪಸ್ ಬಂತು. ಖಾಲಿ ಕಳಿಸಬಾರದೆಂದು ಒಳಗೆ ಒಂದು ಹಿಡಿ ಸಕ್ಕರೆ ಹಾಕಿದ್ದರು.